ಬಂಕಾಪುರದ ಕೋಟೆ: ನವಿಲುಧಾಮದೊಳಗಿನ ಪುರಾಣಭೂಮಿ

ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯ ಸೀಮೆಯಲ್ಲಿ ಆಯಾಸವಿಲ್ಲದೆ ನಡೆದು ನೋಡಬಹುದಾದ ಐತಿಹಾಸಿಕ ಸ್ಥಳಗಳಲ್ಲಿ ಬಂಕಾಪುರದ ಕೋಟೆ ಮುಖ್ಯವಾದುದು. ಇಲ್ಲಿ ಹತ್ತಬೇಕಾದ ಬೆಟ್ಟವಿಲ್ಲ. ನೆಲ ಬಹುತೇಕ ಸಮತಟ್ಟು. ಕೋಟೆಯ ಸುಮಾರು 139 ಎಕರೆ ಪ್ರದೇಶವು 2006ರಲ್ಲಿ ನವಿಲುಧಾಮವೆಂದು ಘೋಷಿತವಾಯಿತು. ಖಿಲಾರಿ ದನಗಳ ತಳಿ ಸಂವರ್ಧನೆಯೂ ಇದೇ ಆವರಣದಲ್ಲಿ ನಡೆದುಬಂದಿದೆ. ಕಂದಕದ ಪೊದೆಗಳು ನವಿಲುಗಳಿಗೆ ಆಶ್ರಯವಾಗಿವೆ. ಕೋಟೆಯೊಳಗೆ ಕಲ್ಯಾಣ ಚಾಲುಕ್ಯರ ಕಾಲದ ನಗರೇಶ್ವರ ದೇವಾಲಯವಿದೆ. ಜನರು ಅದನ್ನು ‘ಅರವತ್ತು ಕಂಬದ ಗುಡಿ’ ಎನ್ನುತ್ತಾರೆ. ಬಂದವರು ನವಿಲನ್ನೂ ಕಂಬಗಳನ್ನೂ ನೋಡಿ ಹಿಂದಿರುಗುತ್ತಾರೆ. ಆದರೆ ಈ ನೆಲದ ಇನ್ನೊಂದು ಮಹತ್ತ್ವವು ಕಟ್ಟಡಗಳಲ್ಲಿ ಕಾಣಿಸದು. ಅದನ್ನು ಗ್ರಂಥದ ಪ್ರಶಸ್ತಿಯಲ್ಲಿಯೂ ದೂರದ ಒಂದು ಶಾಸನದಲ್ಲಿಯೂ ಓದಬೇಕು.

ಊರಿನ ಹೆಸರು ರಾಷ್ಟ್ರಕೂಟ ಅಮೋಘವರ್ಷನ ಸಾಮಂತ ಬಂಕೆಯನಿಂದ ಬಂದುದು. ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಮಹಾಪುರಾಣವನ್ನು ಆರಂಭಿಸಿದರು. ಆದಿಪುರಾಣದ ಭಾಗವೂ ಪೂರ್ಣಗೊಳ್ಳುವ ಮೊದಲೇ ಅವರು ಕಾಲವಶರಾದರು. ಉಳಿದುದನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಬರೆದು, ಉತ್ತರಪುರಾಣದೊಂದಿಗೆ ಕೃತಿಯನ್ನು ಪೂರ್ಣಗೊಳಿಸಿದರು. ಬಂಕೆಯನ ಮಗ ಲೋಕಾದಿತ್ಯನು ಬಂಕಾಪುರದಿಂದ ವನವಾಸ ದೇಶವನ್ನು ಆಳುತ್ತಿದ್ದಾಗ, ಶಕವರ್ಷ 820ರಲ್ಲಿ, ಈ ಪುರಾಣವು ಪೂಜೆಗೊಂಡಿತೆಂದು ಉತ್ತರಪುರಾಣದ ಪ್ರಶಸ್ತಿ ಹೇಳುತ್ತದೆ. ಪ್ರಶಸ್ತಿಯ ಈ ಭಾಗವನ್ನು ಗುಣಭದ್ರರ ಶಿಷ್ಯ ಲೋಕಸೇನನು ರಚಿಸಿದನು. ಅರಸರ ಪಟ್ಟಾಭಿಷೇಕಗಳ ತೇದಿಗಳೇ ತುಂಬಿರುವ ಇತಿಹಾಸದಲ್ಲಿ ಒಂದು ಗ್ರಂಥವು ಪೂಜೆಗೊಂಡ ಕಾಲ ಹೀಗೆ ಉಳಿದುಬಂದಿರುವುದು ವಿಶೇಷ.

ಮುಂದಿನ ಶತಮಾನದಲ್ಲಿ ಬಂಕಾಪುರವು ಮತ್ತೊಮ್ಮೆ ಗೋಚರಿಸುತ್ತದೆ. ರಾಷ್ಟ್ರಕೂಟರ ಆಪ್ತಸಾಮಂತನಾಗಿದ್ದ ಗಂಗ ಅರಸ ಇಮ್ಮಡಿ ಮಾರಸಿಂಹನು ಆ ಸಾಮ್ರಾಜ್ಯ ಕುಸಿದ ಕಾಲದಲ್ಲಿ ರಾಜ್ಯವನ್ನು ತ್ಯಜಿಸಿದನು. ಕ್ರಿ.ಶ. 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತವನ್ನು ಆಚರಿಸಿ ದೇಹವನ್ನು ಬಿಟ್ಟನು. ಈ ಸಂಗತಿಯನ್ನು ತಿಳಿಸುವ ಶಾಸನವಿರುವುದು ಶ್ರವಣಬೆಳಗೊಳದ ಚಂದ್ರಗಿರಿಯ ಕೂಗೆ ಬ್ರಹ್ಮದೇವರ ಕಂಬದಲ್ಲಿ. ಮರಣ ಇಲ್ಲಿ, ಅದರ ಲಿಖಿತ ಸ್ಮರಣೆ ಅಲ್ಲಿ. ಚಂದ್ರಗಿರಿಯನ್ನು ಹತ್ತಿದ ವಿದ್ಯಾರ್ಥಿಯು ಬಂಕಾಪುರದ ಬಯಲಿನಲ್ಲಿಯೂ ನಡೆದಾಗಲೇ ಆ ಶಾಸನದ ಓದು ಪೂರ್ಣವಾಗುತ್ತದೆ.

ಅಜಿತಸೇನರು ಚಾವುಂಡರಾಯನಿಗೂ ಕವಿ ರನ್ನನಿಗೂ ಗುರುಗಳು. ಚಾವುಂಡರಾಯನು 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ರಚಿಸಿದನು. ರನ್ನನು 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ಅಜಿತನಾಥನ ಚರಿತೆಯಾದರೋ ಉತ್ತರಪುರಾಣದ ಮೊದಲ ಕಥೆ. ಹೀಗೆ ಬಂಕಾಪುರವು ಎರಡು ಎಳೆಗಳು ಕೂಡುವ ನೆಲೆ: ಒಂದು, ಪುರಾಣಕಥೆಗಳಿಗೆ ಆಕರವಾದ ಸಂಸ್ಕೃತ ಕೃತಿಯದು, ಇನ್ನೊಂದು, ಆ ಕಥೆಗಳನ್ನು ಕನ್ನಡದಲ್ಲಿ ಹೇಳಿದವರ ಗುರುಪರಂಪರೆಯದು.

ಇಲ್ಲಿ ಹೇಗೆ ನಡೆಯಬೇಕೆಂಬುದಕ್ಕೂ ಜೈನ ಆಚಾರದಲ್ಲಿ ಒಂದು ಪಾಠವಿದೆ. ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ: ಹಗಲಿನಲ್ಲಿ, ಜನ ತುಳಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಿಗಳಿಗೆ ನೋವಾಗದಂತೆ ನಡೆಯುವುದು. ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛವು ನವಿಲು ತಾನಾಗಿ ಉದುರಿಸಿದ ಗರಿಗಳಿಂದಾದುದು. ಕುಳಿತುಕೊಳ್ಳುವ ಮುನ್ನ ಸೂಕ್ಷ್ಮಜೀವಿಗಳನ್ನು ಮೆಲ್ಲನೆ ಸರಿಸುವ ಸಾಧನ. ಮಳೆಗಾಲದಲ್ಲಿ ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಗಂಡುನವಿಲು ಗರಿ ಕಳಚುವುದು ಮಳೆಗಾಲ ಮುಗಿಯುತ್ತ ಬರುವ ದಿನಗಳಲ್ಲಿ. ಚಾತುರ್ಮಾಸದ ಕೊನೆಯಲ್ಲಿ ಪಿಂಛವನ್ನು ಬದಲಿಸುವ ರೂಢಿ ಇದಕ್ಕೆ ಹೊಂದಿಕೊಂಡಿದೆ.

ಆದುದರಿಂದ ಬಂಕಾಪುರದ ನವಿಲುಧಾಮವೂ ಜೈನ ಇತಿಹಾಸವೂ ಬೇರೆಬೇರೆ ಕುತೂಹಲಗಳಲ್ಲ. ಧಾಮವು ನಡೆಯುವವನಿಂದ ಬಯಸುವುದು ಸದ್ದಿಲ್ಲದ, ಎಚ್ಚರದ ನಡಿಗೆಯನ್ನೇ. ಈ ಕೋಟೆಯಲ್ಲಿ ಗುಣಭದ್ರರ ಹೆಸರನ್ನೂ ಅಜಿತಸೇನರ ಹೆಸರನ್ನೂ ನೆನೆಯುವವರು ವಿರಳ. ಉತ್ತರಪುರಾಣವನ್ನೋ ಅಜಿತಪುರಾಣವನ್ನೋ ಪಠ್ಯವಾಗಿ ಓದುವವರು ಒಂದು ಬೆಳಗ್ಗೆ ಇಲ್ಲಿ ನಡೆದುಬಂದರೆ, ತರಗತಿಯಲ್ಲಿ ಬರಿಯ ಹೆಸರಾಗಿದ್ದ ಬಂಕಾಪುರವು ಅವರ ಪಾಲಿಗೆ ಕಾಲಿಟ್ಟ ನೆಲವಾದೀತು.