ಮಲೆನಾಡಿನ ಆರೋಗ್ಯಚರಿತ್ರೆಯಲ್ಲಿ ಸ್ಥೌಲ್ಯದ ಪ್ರಶ್ನೆ

ಸ್ಥೌಲ್ಯವು ನಮ್ಮ ವೈದ್ಯಶಾಸ್ತ್ರಕ್ಕೆ ಅಪರಿಚಿತವಾದುದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಎಂಟು ಬಗೆಯ ನಿಂದಿತ ಪುರುಷರನ್ನು ಎಣಿಸುವಲ್ಲಿ ಅತಿಸ್ಥೂಲನನ್ನೂ ಅತಿಕೃಶನನ್ನೂ ಜೊತೆಯಾಗಿಯೇ ವಿಚಾರಿಸಿ, ಸ್ಥೌಲ್ಯಕ್ಕಿಂತ ಕಾರ್ಶ್ಯವೇ ಲೇಸೆಂದು ನಿರ್ಣಯಿಸಿದೆ. ಆದರೆ ಅಲ್ಲಿಯ ವಿಚಾರವು ಒಬ್ಬ ರೋಗಿಯ ದೇಹಕ್ಕೆ ಸಂಬಂಧಿಸಿದುದು. ಇಡಿಯ ಊರಿನ ದೇಹಸ್ಥಿತಿಯನ್ನು ಊರೇ ತಿದ್ದಿಕೊಳ್ಳುವ ಬಗೆ ಯಾವುದೆಂಬುದು ನಮ್ಮ ಕಾಲದ ಪ್ರಶ್ನೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಆರೋಗ್ಯಚರಿತ್ರೆಯು ಇದರ ಮೇಲೆ ಕೊಂಚ ಬೆಳಕನ್ನು ಬೀರುತ್ತದೆ.

ಈ ಸೀಮೆಯು ಹಿಂದೆ ಚಳಿಜ್ವರಕ್ಕೆ ಹೆಸರಾಗಿದ್ದಿತು. 1946ರ ಸುಮಾರಿಗೆ ಮುಂಬಯಿ ಪ್ರಾಂತದ ಆರೋಗ್ಯ ಇಲಾಖೆಯವರು ಡಾ॥ ಡಿ. ಕೆ. ವಿಶ್ವನಾಥನ್‌ರವರ ನೇತೃತ್ವದಲ್ಲಿ ಕಾನಡಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದರು. ಆ ಅನುಭವವು 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆಗೆ ನೆರವಾಯಿತು. ಅಲ್ಲಿ ಗೃಹಸ್ಥನಿಂದ ಮುಖ್ಯವಾಗಿ ಬೇಕಾಗಿದ್ದುದು ಬಾಗಿಲು ತೆರೆಯುವಷ್ಟು ಸಮ್ಮತಿ. ಉಳಿದುದು ಇಲಾಖೆಯ ಕೆಲಸ.

ಸ್ಥೌಲ್ಯದ ಸಂಗತಿ ಬೇರೆ. ಅದರ ಮೂಲವು ಅಡಿಗೆಮನೆಯಲ್ಲಿಯೂ ಅಂಗಡಿಬೀದಿಯಲ್ಲಿಯೂ ದುಡಿಮೆಯ ರೀತಿಯಲ್ಲಿಯೂ ಇರುವುದರಿಂದ ಹೊರಗಿನಿಂದ ಸಿಂಪಡಿಸುವ ಔಷಧವು ಇದಕ್ಕಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ಣಾಟಕದಲ್ಲಿ ಅಧಿಕತೂಕದ ಸ್ತ್ರೀಯರು 2015-16ರಲ್ಲಿ ಶೇಕಡಾ 23.3 ಇದ್ದು 2019-21ರಲ್ಲಿ 30.1 ಆದರು, ಪುರುಷರು 22.1ರಿಂದ 30.9ಕ್ಕೆ ಏರಿದರು. ಅದೇ ವೇಳೆ ಸ್ತ್ರೀಯರಲ್ಲಿ ಶೇಕಡಾ 17.2 ಮಂದಿ ಕೃಶರಾಗಿಯೇ ಇದ್ದರು. ಚರಕನು ಜೊತೆಗೂಡಿಸಿದ ಇಬ್ಬರೂ ಒಂದೇ ನಾಡಿನಲ್ಲಿ ನೆರೆಹೊರೆಯವರಾಗಿದ್ದಾರೆ. ಮಿತವಾಗಿ ಉಣ್ಣಿರೆಂಬ ಒಂದೇ ಆಜ್ಞೆಯನ್ನು ಎಲ್ಲರಿಗೂ ಹೊರಡಿಸಿದರೆ ಹಸಿದವನಿಗೆ ಅನ್ಯಾಯವಾಗುವುದು.

ಆದುದರಿಂದ ಮನೆಮನೆಯ ಸ್ಥಿತಿಯನ್ನು ಬಲ್ಲವರ ಕೂಟವು ಇಲ್ಲಿ ಅನಿವಾರ್ಯ. ನೆರೆಯ ಶಿವಮೊಗ್ಗ ಜಿಲ್ಲೆಯು 2008ರಲ್ಲಿ ಮಧುಮೇಹ, ಹೃದ್ರೋಗ, ಪಾರ್ಶ್ವವಾಯುಗಳ ನಿವಾರಣೆಗಾಗಿ ಕೇಂದ್ರ ಸರ್ಕಾರವು ಕೈಕೊಂಡ ಪ್ರಾಯೋಗಿಕ ಯೋಜನೆಗೆ ಆರಿಸಲ್ಪಟ್ಟಿತ್ತು. 2005ರ ಗ್ರಾಮೀಣ ಆರೋಗ್ಯ ಅಭಿಯಾನವು ಊರೂರಿಗೆ ಆರೋಗ್ಯ, ನೈರ್ಮಲ್ಯ, ಪೌಷ್ಟಿಕತೆಗಳ ಸಮಿತಿಯನ್ನು ವಿಧಿಸಿತು. ಇನ್ನು ಕೂಡಿ ಬಾಳುವ ಅಭ್ಯಾಸವು ಈ ಸೀಮೆಗೆ ಹೊಸದಲ್ಲ: ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು 1923ರಲ್ಲಿಯೇ ಸ್ಥಾಪಿತವಾದುದು. ಅಡಿಕೆಯ ಬೆಲೆಯನ್ನು ಒಟ್ಟಾಗಿ ಕಾಯ್ದುಕೊಂಡವರು ದೇಹದ ಆರೋಗ್ಯವನ್ನು ಒಟ್ಟಾಗಿ ಕಾಯಲಾರರೆಂದು ಹೇಳುವುದಕ್ಕೆ ಕಾರಣವಿಲ್ಲ.

ದಾಸನಕೊಪ್ಪದಂಥ ಊರಿನಲ್ಲಿ ಪಂಚಾಯತಿ, ಶಾಲೆ, ಅಂಗನವಾಡಿ, ಸಹಕಾರ ಸಂಘ, ವೈದ್ಯರು ಒಂದೆಡೆ ಕುಳಿತು, ಯಾರಿಗೆ ಅನ್ನ ಸಾಲದು, ಯಾರಿಗೆ ನಡಿಗೆ ಸಾಲದು ಎಂಬುದನ್ನು ಮೊದಲು ಬೇರ್ಪಡಿಸಬೇಕು. ಚಿಕಿತ್ಸೆಯು ಆ ವಿವೇಚನೆಯಿಂದ ಆರಂಭವಾಗತಕ್ಕದ್ದು.