ತಾಯಿಯ ಮೇಲೆ ಗೂಬೆ ಕೂರಿಸುವ ಮುನ್ನ

ಗಂಡುಮಗುವಿಗೆ ಹೀಮೋಫೀಲಿಯಾ ಇದೆ ಎಂದು ವೈದ್ಯರು ಹೇಳಿದ ಕೂಡಲೇ ಬಂಧುಬಳಗದ ಬೆರಳು ತಾಯಿಯತ್ತ ತಿರುಗುತ್ತದೆ. "ಇದು ಅವಳಿಂದಲೇ ಬಂದದ್ದು" ಎನ್ನುತ್ತಾರೆ. ಗಾಯವಾದಾಗ ರಕ್ತ ಸರಿಯಾಗಿ ಹೆಪ್ಪುಗಟ್ಟದ ಈ ಕಾಯಿಲೆಯ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಮಗನಿಗೆ ಎಕ್ಸ್ ಸಿಗುವುದು ತಾಯಿಯಿಂದ. ಅಷ್ಟು ನಿಜ. ಆದರೆ ದೋಷ ಮೊದಲು ಹುಟ್ಟಿದ್ದೆಲ್ಲಿ? ನಾನು ಜೀವಶಾಸ್ತ್ರ ಓದಿದವಳಲ್ಲ, ಕಂಪ್ಯೂಟರ್‌ನವಳು. ಸಾಲಿನ ಒಂದು ತುಂಡು ಹಿಂದುಮುಂದಾದರೂ ಪ್ರೋಗ್ರಾಂ ಕೆಡುತ್ತದೆಂದು ಬಲ್ಲ ನನಗೆ ಈ ಹುಡುಕಾಟದ ಇತಿಹಾಸ ಬಹಳ ಹಿಡಿಸಿತು.

ಅಂಡಾಣು, ವೀರ್ಯಾಣುಗಳು ತಯಾರಾಗುವಾಗ ಜೋಡಿ ವರ್ಣತಂತುಗಳು ಪಕ್ಕಪಕ್ಕ ಸೇರಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಇದೇ ಮರುಸಂಯೋಜನೆ. ಅಮೆರಿಕದ ಆಲ್ಫ್ರೆಡ್ ಸ್ಟರ್ಟಿವಂಟ್ ಈ ಅದಲುಬದಲಿನ ಲೆಕ್ಕ ಹಿಡಿದು 1913ರಲ್ಲಿ ಹಣ್ಣುನೊಣದ ಜೀನುಗಳ ಮೊದಲ ನಕ್ಷೆ ಪ್ರಕಟಿಸಿದರು. 1921ರಲ್ಲಿ ಎರಡು ಪ್ರಭೇದದ ನೊಣಗಳನ್ನು ಹೋಲಿಸಿದಾಗ, ಒಂದು ಭಾಗದ ಜೀನುಗಳು ಹಿಂದುಮುಂದಾಗಿ ಕೂತಿದ್ದು ಅವರಿಗೆ ಕಂಡಿತು. ಇದನ್ನು ಇನ್ವರ್ಷನ್, ಅಂದರೆ ವಿಲೋಮ ಎನ್ನುತ್ತಾರೆ. ವಿಲೋಮವಿದ್ದಲ್ಲಿ ಅದಲುಬದಲು ತಗ್ಗುತ್ತದೆ ಎಂದು 1926ರಲ್ಲಿ ಅವರೇ ತೋರಿಸಿದರು. 1931ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್ಲಿಂಟಾಕ್ ಎಂಬ ಇಬ್ಬರು ಮಹಿಳೆಯರು, ವರ್ಣತಂತುವಿನ ತುಂಡುಗಳು ನಿಜವಾಗಿಯೂ ಕೈಬದಲಾಗುತ್ತವೆ ಎಂಬುದನ್ನು ಮೆಕ್ಕೆಜೋಳದಲ್ಲಿ ಸೂಕ್ಷ್ಮದರ್ಶಕದ ಮೂಲಕ ಸಾಬೀತುಪಡಿಸಿದರು.

ಮನುಷ್ಯರಲ್ಲಿ ಇದರ ಇನ್ನೊಂದು ಮುಖ ಕಂಡಿತು: ಮರುಸಂಯೋಜನೆಯೇ ವಿಲೋಮವನ್ನು ಹುಟ್ಟಿಸಬಹುದು. ತೀವ್ರ ಹೀಮೋಫೀಲಿಯಾ ಎ ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಫ್ಯಾಕ್ಟರ್ 8 ಜೀನಿನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ. 1993ರಲ್ಲಿ ಜೇನ್ ಗಿಟ್ಷಿಯರ್ ಮತ್ತು ಸಂಗಡಿಗರು ಒಗಟು ಬಿಡಿಸಿದರು. ಜೀನಿನೊಳಗಿನ ಒಂದು ತುಣುಕಿನ ಪ್ರತಿರೂಪಗಳು ಅದೇ ವರ್ಣತಂತುವಿನಲ್ಲಿ, ಜೀನಿನ ಹೊರಗೆ, ತುದಿಯ ಕಡೆಗೂ ಇವೆ. ವರ್ಣತಂತು ತನ್ನ ಮೇಲೆ ತಾನೇ ಮಡಚಿಕೊಂಡಾಗ ಈ ಒಂದೇ ರೂಪದ ತುಣುಕುಗಳು ಕೂಡಿ ಅದಲುಬದಲಾಗುತ್ತವೆ. ನಡುವಿನ ಭಾಗ ತಿರುಗಿ ಕೂರುತ್ತದೆ, ಜೀನ್ ಎರಡಾಗಿ ಒಡೆಯುತ್ತದೆ. ಅಕ್ಷರಗಳೆಲ್ಲ ಹಾಗೇ ಇವೆ, ಜಾಗ ಮಾತ್ರ ಬೇರೆ! ಅಕ್ಷರದೋಷ ಹುಡುಕಿದವರಿಗೆ ಅದು ಸಿಗದಿದ್ದುದು ಇದಕ್ಕೇ.

ಮರುವರ್ಷ, 1994ರಲ್ಲಿ, ಇನ್ನೊಂದು ಸಂಗತಿ ಹೊರಬಿತ್ತು. ಈ ವಿಲೋಮ ಹುಟ್ಟುವುದು ಬಹುತೇಕ ಗಂಡಸರ ಜನನಕೋಶಗಳಲ್ಲಿ. ಹೆಣ್ಣಿನಲ್ಲಿ ಎರಡು ಎಕ್ಸ್‌ಗಳು ಉದ್ದಕ್ಕೂ ಜೋಡಿಯಾಗಿ ನಿಲ್ಲುತ್ತವೆ. ಗಂಡಿನ ಒಂಟಿ ಎಕ್ಸ್‌ಗೆ ಹಾಗೆ ಜೊತೆಯಿಲ್ಲ, ಆದ್ದರಿಂದ ಮಡಚಿಕೊಳ್ಳುವುದು ಸುಲಭ ಎಂಬುದು ವಿಜ್ಞಾನಿಗಳ ವಿವರಣೆ. ಅಂದರೆ ಇಂಥ ಪ್ರಕರಣಗಳಲ್ಲಿ ದೋಷ ಮೊದಲು ಹುಟ್ಟಿದ್ದು ಹೆಚ್ಚಾಗಿ ತಾಯಿಯಲ್ಲಲ್ಲ, ಅವಳ ತಂದೆಯಲ್ಲೋ ಇನ್ನೂ ಹಿಂದಿನ ಯಾವುದೋ ಅಜ್ಜನಲ್ಲೋ. ಹಾಗೆಂದು ಆ ಅಜ್ಜನನ್ನೂ ದೂರುವಂತಿಲ್ಲ. ಅದು ಯಾರ ಪಾಪದ ಫಲವೂ ಅಲ್ಲ, ಯಾರ ಕೈಯಲ್ಲೂ ಇರಲಿಲ್ಲ.

ಇಂದು ಈ ವಿಲೋಮವನ್ನು ರಕ್ತಪರೀಕ್ಷೆಯಿಂದ ಪತ್ತೆ ಮಾಡಬಹುದು. ದೋಷವನ್ನು ಹೊತ್ತ ಮಹಿಳೆಯ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧದಷ್ಟು. ಪ್ರತಿ ಹೆಣ್ಣುಮಗು ದೋಷವನ್ನು ಹೊರುವ ಸಾಧ್ಯತೆಯೂ ಅಷ್ಟೇ. ಆದ್ದರಿಂದ ಮನೆಯಲ್ಲಿ ಈ ಕಾಯಿಲೆ ಇದ್ದರೆ ಅಕ್ಕತಂಗಿಯರು, ಚಿಕ್ಕಮ್ಮ ದೊಡ್ಡಮ್ಮಂದಿರು ವೈದ್ಯರ ಸಲಹೆ ಪಡೆದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಆ ತಾಯಿಗೆ ಬೇಕಾದದ್ದು ಮಾಹಿತಿ ಮತ್ತು ಆಸರೆ. ಚುಚ್ಚುಮಾತು ಖಂಡಿತ ಅಲ್ಲ.