ಮಾನ್ಯದಿಂದ ತಸ್ತೀಕಿಗೆ: ಧರ್ಮಸೇವಕರ ಜೀವನೋಪಾಯ

ಕರ್ನಾಟಕದ ದೇವಸ್ಥಾನ, ಬಸದಿ, ಮಠಗಳಲ್ಲಿ ಸೇವೆ ಸಲ್ಲಿಸುವವರ ಬದುಕು ಶತಮಾನಗಳ ಕಾಲ ಭೂಮಿಯನ್ನು ನೆಚ್ಚಿಕೊಂಡಿತ್ತು. ಅರಸ, ಸಾಮಂತ ಅಥವಾ ಊರ ಗಾವುಂಡ ಗದ್ದೆಯನ್ನೋ ತೋಟವನ್ನೋ, ಕೆಲವೊಮ್ಮೆ ಇಡೀ ಹಳ್ಳಿಯನ್ನೋ ದೇವರ ಹೆಸರಿಗೆ ಬಿಡುತ್ತಿದ್ದ. ನೈವೇದ್ಯ, ಅರ್ಚಕರ ಊಟ, ಗುಡಿಯ ದುರಸ್ತಿ ಮೂರೂ ಅದರ ಹುಟ್ಟುವಳಿಯಲ್ಲೇ ಸಾಗಬೇಕಿತ್ತು.

ಈ ವ್ಯವಸ್ಥೆಯ ವಿವರ ದಾನಶಾಸನಗಳಲ್ಲಿ ಸಿಗುತ್ತದೆ. ಸ್ಥಾನದ ಆಚಾರ್ಯನ ಕಾಲು ತೊಳೆದು, ನೀರೆರೆದು, ಭೂಮಿಯನ್ನು ಧಾರಾಪೂರ್ವಕವಾಗಿ ಕೊಡುವುದು ರೂಢಿ. ದಾನದ ಉದ್ದೇಶವನ್ನೂ ಬಿಡಿಬಿಡಿಯಾಗಿ ಕೆತ್ತಿಸುತ್ತಿದ್ದರು: ದೇವರ ಪೂಜೆ ಅಲಂಕಾರಗಳಿಗೆ ಅಂಗಭೋಗ, ವಾದ್ಯ ನೃತ್ಯಗಳಿಗೆ ರಂಗಭೋಗ, ತಪೋಧನರ ಆಹಾರದಾನ, ಮುರಿದುಬಿದ್ದ ಭಾಗಗಳಿಗೆ ಜೀರ್ಣೋದ್ಧಾರ. ಭೂಮಿಯ ಅಳತೆ ಮತ್ತರು, ಕಮ್ಮಗಳಲ್ಲಿ. ಎಲ್ಲೆಗೆ ಕೆರೆ, ಹಳ್ಳ, ಮರ, ನೆಟ್ಟ ಕಲ್ಲು. ‘ಸರ್ವನಮಸ್ಯ’ ಎಂದು ಬರೆದಿದ್ದರೆ ಆ ನೆಲಕ್ಕೆ ತೆರಿಗೆಯಿಲ್ಲ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಅಲ್ಲಿನ ವೇದಪಾಠ, ಅನ್ನದಾನ, ರೋಗಿಗಳ ಶುಶ್ರೂಷೆಗಳನ್ನು ವರ್ಣಿಸುತ್ತದೆ. ದತ್ತಿಯ ಆದಾಯದಲ್ಲಿ ಪೂಜೆಯ ಜೊತೆಗೆ ಇಷ್ಟೆಲ್ಲ ನಡೆಯಬೇಕಿತ್ತು.

ಭೂಮಿಯಿಲ್ಲದವರೂ ತಮ್ಮ ಕಸುಬಿನಿಂದ ಪಾಲು ಕೊಡುತ್ತಿದ್ದರು. ಗಾಣಿಗರು ಗಾಣಕ್ಕೆ ಇಷ್ಟೆಂದು ನಂದಾದೀವಿಗೆಗೆ ಎಣ್ಣೆ ಬಿಡುತ್ತಿದ್ದರು. ವರ್ತಕರು ಹೇರಿಗೆ ಇಷ್ಟೆಂದು ಎಲೆ, ಅಡಿಕೆ, ಧಾನ್ಯ ಒಪ್ಪಿಸುತ್ತಿದ್ದರು. ಕೆಲವರು ಗದ್ಯಾಣಗಳನ್ನು ಇಡುಗಂಟಾಗಿ ಇಟ್ಟು ಅದರ ಬಡ್ಡಿಯಲ್ಲಿ ಸೇವೆ ನಡೆಸಲು ಗೊತ್ತುಮಾಡುತ್ತಿದ್ದರು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ನಿತ್ಯಾಭಿಷೇಕದ ಹಾಲಿಗೆ ಹೀಗೆ ಹಣವಿಟ್ಟ ಶಾಸನಗಳಿವೆ.

ಮನೆಮನೆಯಿಂದ ವಂತಿಗೆ ಎತ್ತುವ ಏರ್ಪಾಡಿಗೆ ಒಳ್ಳೆಯ ಉದಾಹರಣೆ ಬುಕ್ಕರಾಯನ 1368ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಎದ್ದ ವ್ಯಾಜ್ಯವನ್ನು ಅರಸ ಬಗೆಹರಿಸಿದ ಪ್ರಸಂಗವಿದು. ರಾಜ್ಯದ ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು; ಅದರಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಮಿಕ್ಕದ್ದನ್ನು ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಲು ಬಳಸಬೇಕು ಎಂಬುದು ಕಟ್ಟಳೆ. ವಸೂಲಿಯ ಹೊಣೆ ಹೊತ್ತವನು ತಿರುಮಲೆಯ ತಾತಯ್ಯ, ಅಂದರೆ ಎದುರು ಪಕ್ಷದ ವೈಷ್ಣವ.

ಹಳ್ಳಿಯ ಮಟ್ಟದಲ್ಲಿ ಲೆಕ್ಕ ಇನ್ನೂ ಸರಳ. ಜೋಯಿಸ, ಪೂಜಾರಿ ಮುಂತಾದವರಿಗೆ ಮಾನ್ಯದ, ಅಂದರೆ ಸೇವೆಗಾಗಿ ಬಿಟ್ಟುಕೊಟ್ಟ, ತುಂಡು ಹೊಲ ಇರುತ್ತಿತ್ತು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಕಮ್ಮಾರ, ಬಡಗಿ, ಅಗಸರಂತೆ ಇವರಿಗೂ ಆಯ ಸಲ್ಲುತ್ತಿತ್ತು. ಖಾಜಿ, ಮುಲ್ಲಾಗಳಿಗೂ ಇನಾಮು ಭೂಮಿಗಳಿದ್ದವು. ಬೆಳೆ ಬಂದರೆ ಎಲ್ಲರಿಗೂ ಪಾಲು. ಮಳೆ ಕೈಕೊಟ್ಟರೆ ಎಲ್ಲರಿಗೂ ಕೊರತೆ.

ಕಂಪನಿ ಸರ್ಕಾರದ ಕಾಲದಲ್ಲಿ ಈ ನಂಟು ಸಡಿಲವಾಯಿತು. ಮದರಾಸು ಪ್ರಾಂತ್ಯದಲ್ಲಿ 1817ರ ಕಾಯಿದೆ ದೇವಾಲಯ ದತ್ತಿಗಳ ಮೇಲ್ವಿಚಾರಣೆಯನ್ನು ರೆವಿನ್ಯೂ ಬೋರ್ಡಿಗೆ ಒಪ್ಪಿಸಿತು. ದಕ್ಷಿಣ ಕನ್ನಡವೂ ಆಗ ಆ ಪ್ರಾಂತ್ಯಕ್ಕೇ ಸೇರಿತ್ತು. ಕ್ರೈಸ್ತ ಸರ್ಕಾರ ಹಿಂದೂ ಗುಡಿಗಳ ಲೆಕ್ಕ ನೋಡುವುದಕ್ಕೆ ಮಿಷನರಿಗಳು ತಕರಾರು ತೆಗೆದರು. 1863ರ ಕಾಯಿದೆ ಆ ಹೊಣೆಯನ್ನು ಸ್ಥಳೀಯ ಸಮಿತಿಗಳಿಗೆ ವರ್ಗಾಯಿಸಿತು. ಸರ್ಕಾರ ಹಿಂತೆಗೆದುಕೊಂಡ ಭೂಮಿಗೆ ಬದಲಾಗಿ ವರ್ಷಕ್ಕಿಷ್ಟು ನಗದು ಕೊಡುವ ಪದ್ಧತಿಯೂ ಬೆಳೆಯಿತು. ಅದೇ ತಸ್ತೀಕು. ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ಮುಜರಾಯಿ ಇಲಾಖೆಯದು. 1927ರಲ್ಲಿ ಅದಕ್ಕೆ ಪ್ರತ್ಯೇಕ ಕಾಯಿದೆಯೇ ಬಂತು.

ಇದೇ ಅವಧಿಯಲ್ಲಿ ಕರಾವಳಿಯ ಪ್ರಾಟೆಸ್ಟೆಂಟ್ ಚರ್ಚು ಬೇರೆ ದಾರಿ ಹಿಡಿದಿತ್ತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ ಇಲ್ಲಿ ಮಾನ್ಯವೂ ಇರಲಿಲ್ಲ, ಆಯವೂ ಇರಲಿಲ್ಲ. ಖರ್ಚೆಲ್ಲ ಸ್ವಿಟ್ಜರ್ಲೆಂಡ್, ಜರ್ಮನಿಗಳ ಭಕ್ತರಿಂದ ಬರಬೇಕಿತ್ತು. 1855ರಲ್ಲಿ ಬಾಸೆಲ್ಲಿನ ಕಾರ್ಲ್ ಸರಾಸಿನ್ ಅಲ್ಲಿ ‘ಅರ್ಧ ಬಾಟ್ಜೆನ್’ ಸಂಗ್ರಹವನ್ನು ಆರಂಭಿಸಿದ. ವಾರಕ್ಕೆ ಐದು ರಾಪೆನ್, ಬಡವರಿಗೂ ಎಟುಕುವ ಚಿಲ್ಲರೆ ಕಾಸು. ಮಿಷನರಿಗಳು ಕೊಟ್ಟಷ್ಟು ಜೀವನಭತ್ಯೆಯಲ್ಲೇ ಸಂಸಾರ ನಡೆಸಬೇಕಿತ್ತು. ಮದುವೆಗೂ ಬಾಸೆಲ್ಲಿನ ಸಮಿತಿಯ ಒಪ್ಪಿಗೆ ಬೇಕಿತ್ತು. ಇಲ್ಲಿನ ನೇಯ್ಗೆ ಶಾಲೆ, ಹೆಂಚಿನ ಕಾರ್ಖಾನೆಗಳು ಮತಾಂತರಗೊಂಡವರಿಗೆ ಕೂಲಿ ಒದಗಿಸಿದವು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ, ಕಾರ್ಖಾನೆಗಳು ಕೈಬಿಟ್ಟವು. ಆಮೇಲೆ ಸಭಾಪಾಲಕರನ್ನು ಸಾಕುವ ಭಾರ ಕ್ರಮೇಣ ಇಲ್ಲಿನ ಸಭೆಗಳ ಹೆಗಲಿಗೆ ಬಂತು: ಭಾನುವಾರದ ಕಾಣಿಕೆ, ಸದಸ್ಯರ ಚಂದಾ, ಸುಗ್ಗಿಯ ಹಬ್ಬದಲ್ಲಿ ತಂದೊಪ್ಪಿಸಿದ ಬಾಳೆಗೊನೆ, ತೆಂಗಿನಕಾಯಿಗಳ ಹರಾಜು.

ಸ್ವಾತಂತ್ರ್ಯದ ನಂತರ ದೇವಸ್ಥಾನಗಳು ಭೂಮಿಯ ಆಸರೆಯನ್ನು ಹೆಚ್ಚಿನ ಮಟ್ಟಿಗೆ ಕಳೆದುಕೊಂಡವು. ಹಳೆಯ ಮೈಸೂರಿನ ಧಾರ್ಮಿಕ ಇನಾಮುಗಳು 1955ರ ಕಾಯಿದೆಯಿಂದ ರದ್ದಾದವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟಿದ್ದ ಗದ್ದೆಗಳು ಉಳುವವರ ಪಾಲಾದವು. ಸಂಸ್ಥೆಗಳಿಗೆ ಸರ್ಕಾರ ವರ್ಷಾಶನ ಕೊಡತೊಡಗಿತು. ತಲೆಮಾರುಗಳಿಂದ ದುಡಿದ ಒಕ್ಕಲಿಗೆ ಇದು ನ್ಯಾಯ. ಆದರೆ ಅರ್ಚಕರ ಪಾಲಿಗೆ ಆದಾಯದ ಸ್ವರೂಪವೇ ಬದಲಾಯಿತು. ಭತ್ತದ ಬೆಲೆ ಏರಿದರೆ ಗದ್ದೆಯ ಆದಾಯವೂ ಏರುತ್ತಿತ್ತು. ಕಡತದಲ್ಲಿ ಬರೆದ ರೂಪಾಯಿ ಮಾತ್ರ ಮುಂದಿನ ಆದೇಶ ಹೊರಡುವವರೆಗೆ ಅಲ್ಲಿಯೇ ನಿಲ್ಲುತ್ತದೆ. ಎಣ್ಣೆ, ಅಕ್ಕಿ, ಕರ್ಪೂರಕ್ಕೇ ತಸ್ತೀಕು ಸಾಲದೆ, ಮಕ್ಕಳನ್ನು ಬೇರೆ ಕಸುಬಿಗೆ ಕಳುಹಿಸಿದ ಅರ್ಚಕ ಮನೆತನಗಳು ಹಲವು.

ಈಗಿನ ವ್ಯವಸ್ಥೆಗೆ ಆಧಾರ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯಿದೆ. ಅದು ಜಾರಿಗೆ ಬಂದದ್ದು 2003ರಲ್ಲಿ. ಆದಾಯದ ಮೇಲೆ ದೇವಸ್ಥಾನಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಗಿದೆ. ವರ್ಷಕ್ಕೆ 25 ಲಕ್ಷ ರೂಪಾಯಿ ಮೀರಿದವು ಎ, 5 ಲಕ್ಷದಿಂದ 25 ಲಕ್ಷದವರೆಗಿನವು ಬಿ, ಅದಕ್ಕಿಂತ ಕಡಿಮೆಯವು ಸಿ. ಮುಜರಾಯಿಗೆ ಸೇರಿದ ಸುಮಾರು 34 ಸಾವಿರ ಗುಡಿಗಳಲ್ಲಿ ಬಹುಪಾಲು ಸಿ ವರ್ಗದವು. ಅವುಗಳ ಪೂಜೆಗೆ ತಸ್ತೀಕೇ ಮುಖ್ಯ ಆಧಾರ. 2022ರ ಬಜೆಟ್ಟಿನಲ್ಲಿ ಅದರ ವಾರ್ಷಿಕ ಮೊತ್ತ 48,000ದಿಂದ 60,000 ರೂಪಾಯಿಗೆ ಏರಿತು. 2025ರ ಬಜೆಟ್ಟು ಜೈನ ಅರ್ಚಕರು, ಸಿಖ್ಖರ ಮುಖ್ಯ ಗ್ರಂಥಿಗಳು, ಮಸೀದಿಗಳ ಪೇಶ್ ಇಮಾಮರ ಗೌರವಧನವನ್ನು ತಿಂಗಳಿಗೆ 6,000 ರೂಪಾಯಿಗೆ ಏರಿಸಿತು. 2022ರ ತಸ್ತೀಕಿನ 60,000ವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 5,000 ಆಗುತ್ತಿತ್ತು. ದೇವರ ದೀಪದ ಎಣ್ಣೆಯೂ ಅದರಲ್ಲೇ ಬರಬೇಕಿತ್ತು. ಉಳಿದ ಕೊರತೆಯನ್ನು ತುಂಬುವುದು ಮಂಗಳಾರತಿ ತಟ್ಟೆಯ ಕಾಸು, ಮದುವೆ ಮುಂಜಿಗಳ ದಕ್ಷಿಣೆ.